ಒಂದಿಂಚು, ಆರಿಂಚು, ಇಪ್ಪತ್ತೈದಿಂಚು: ಒಂದೇ ಕಣಿವೆಯ ಮೂರು ಬಗೆಯ ಹಳೆಯ ನಕ್ಷೆಗಳು

ಉತ್ತರ ಇಂಗ್ಲೆಂಡಿನ ಯಾರ್ಕ್‌ಷೈರ್‌ನಲ್ಲಿರುವ ಸ್ವೇಲ್‌ಡೇಲ್ ಕಣಿವೆಯಲ್ಲಿ ಹೊಳೆಯಂಚಿನ ಹುಲ್ಲುಗಾವಲುಗಳಿಂದ ಹೊರಟು, ಸೀಸದ ಗಣಿಗಳಿದ್ದ ಬೋಳುಗುಡ್ಡಗಳತ್ತ ಏರುತ್ತಿದ್ದ ಹಳೆಯ ಗಾಡಿದಾರಿಯೊಂದನ್ನು ನಕ್ಷೆಗಳಲ್ಲಿ ಹುಡುಕಬೇಕಾಗಿತ್ತು. ಅದು ಎಲ್ಲಿ ಹಾದುಹೋಗುತ್ತಿತ್ತು, ಯಾವಾಗ ಬಳಕೆ ತಪ್ಪಿತು ಎಂಬ ಎರಡೇ ಪ್ರಶ್ನೆಗಳನ್ನು ಇಟ್ಟುಕೊಂಡು, ಬ್ರಿಟನ್ನಿನ ಸರ್ಕಾರಿ ನಕ್ಷೆ ಸಂಸ್ಥೆಯಾದ ಆರ್ಡ್ನೆನ್ಸ್ ಸರ್ವೆಯ ಮೂರು ಬಗೆಯ ಹಳೆಯ ಸ್ಥಳಾಕೃತಿ ನಕ್ಷೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದೆ. ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯವು ಇಂಗ್ಲೆಂಡಿನ ಹಾಳೆಗಳನ್ನೂ ಸ್ಕ್ಯಾನ್ ಮಾಡಿ ಅಂತರ್ಜಾಲದಲ್ಲಿ ಉಚಿತವಾಗಿ ತೆರೆದಿಟ್ಟಿರುವುದರಿಂದ ಈ ಕೆಲಸ ಕುಳಿತಲ್ಲಿಯೇ ಆಗುತ್ತದೆ.

ಈ ನಕ್ಷೆಗಳನ್ನು ಬಳಸುವವರು ಅವುಗಳನ್ನು ಇಂಚಿನ ಲೆಕ್ಕದಲ್ಲಿಯೇ ಕರೆಯುತ್ತಾರೆ. ನೆಲದ ಒಂದು ಮೈಲಿಯನ್ನು ಕಾಗದದ ಮೇಲೆ ಎಷ್ಟು ಇಂಚಿಗೆ ಇಳಿಸಲಾಗಿದೆಯೋ ಅದೇ ನಕ್ಷೆಯ ಹೆಸರು. ಒಂದಿಂಚಿನದು 1:63,360, ಆರಿಂಚಿನದು 1:10,560, ಇಪ್ಪತ್ತೈದಿಂಚಿನದು 1:2,500. ಆರು ಮೀಟರ್ ಅಗಲ, ಒಂಬತ್ತು ಮೀಟರ್ ಉದ್ದದ ಕಲ್ಲಿನ ಹುಲ್ಲುಕೊಟ್ಟಿಗೆಯೊಂದು ಇಪ್ಪತ್ತೈದಿಂಚಿನ ಹಾಳೆಯಲ್ಲಿ ಎರಡೂವರೆ ಮಿಲಿಮೀಟರ್‌ ಅಗಲದ ಸ್ಪಷ್ಟ ಆಯತವಾಗಿರುತ್ತದೆ. ಆರಿಂಚಿನದರಲ್ಲಿ ಅರ್ಧ ಮಿಲಿಮೀಟರ್‌ನ ಚುಕ್ಕೆಯಾಗುತ್ತದೆ. ಒಂದಿಂಚಿನದರಲ್ಲಿ, ಅಳತೆಗೆ ತಕ್ಕಂತೆ ಬರೆದರೆ, ಕಣ್ಣಿಗೆ ಕಾಣುವುದೇ ಇಲ್ಲ.

ಸಹಜವಾಗಿಯೇ ನಾನು ಮೊದಲು ತೆರೆದದ್ದು ಇಪ್ಪತ್ತೈದಿಂಚಿನ ನಕ್ಷೆಯನ್ನು. ನೋಡುವುದಕ್ಕೆ ಇದರಷ್ಟು ಚೆಂದದ ನಕ್ಷೆ ಮತ್ತೊಂದಿಲ್ಲ. ಪ್ರತಿಯೊಂದು ಹೊಲಕ್ಕೂ ಒಂದು ಸಂಖ್ಯೆ, ಅದರ ಕೆಳಗೆ ಎಕರೆಯ ಸಾವಿರದಲ್ಲೊಂದು ಭಾಗದವರೆಗೆ ಲೆಕ್ಕ ಹಾಕಿದ ವಿಸ್ತೀರ್ಣ, ಬಾವಿಯಿದ್ದಲ್ಲಿ ‘ಡಬ್ಲ್ಯೂ’, ಕಾಲುದಾರಿಯಿದ್ದಲ್ಲಿ ‘ಎಫ್‌.ಪಿ.’, ಎತ್ತರದ ಗುರುತು ಕೆತ್ತಿದ ಕಲ್ಲಿದ್ದಲ್ಲಿ ‘ಬಿ.ಎಂ.’ ಎಂಬ ಅಕ್ಷರಗಳು. ನಾನು ಹುಡುಕುತ್ತಿದ್ದ ದಾರಿ ಎರಡು ಕಲ್ಲುಗೋಡೆಗಳ ನಡುವೆ ತೂರಿ, ಕೊಟ್ಟಿಗೆಯೊಂದರ ಮೂಲೆಯನ್ನು ಬಳಸಿಕೊಂಡು ಹೋಗುವುದು ಇಲ್ಲಿ ಎಷ್ಟು ನಿಚ್ಚಳವಾಗಿ ಕಾಣುತ್ತದೆಯೆಂದರೆ, ಅಲ್ಲಿ ಗಾಡಿ ತಿರುಗುವುದಕ್ಕೆ ಎಷ್ಟು ಜಾಗವಿತ್ತೆಂಬುದನ್ನೂ ಅಳೆಯಬಹುದು. ಆದರೆ ಮೂರನೆಯ ಹೊಲ ದಾಟಿ ಕೊನೆಯ ಗೋಡೆಯಾಚೆ ಸ್ವಲ್ಪ ದೂರ ಹೋಗುವಷ್ಟರಲ್ಲಿ ಹಾಳೆಗಳೇ ಮುಗಿದುಹೋದವು. ಸ್ಕ್ಯಾನ್ ಬಿಟ್ಟುಹೋಗಿರಬಹುದೆಂದು ಅರ್ಧ ದಿನ ಹುಡುಕಿದ್ದು ನನ್ನದೇ ಅಜ್ಞಾನ. ಸಾಗುವಳಿಯಿಲ್ಲದ ಬೆಟ್ಟ ಮತ್ತು ಬೋಳುಗುಡ್ಡಗಳನ್ನು ಈ ಸ್ಕೇಲಿನಲ್ಲಿ ಅಳೆಯುವುದು ವ್ಯರ್ಥವೆಂದು ಸರ್ವೆಯವರು ಅವುಗಳನ್ನು ಕೈಬಿಟ್ಟಿದ್ದರು. ಗಣಿಗಳಿದ್ದದ್ದು ಅಲ್ಲಿಯೇ. ಇದರ ಮೇಲೆ ಈ ನಕ್ಷೆಯಲ್ಲಿ ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಸಮೋನ್ನತಿ ರೇಖೆಗಳೂ ಇಲ್ಲ. ಬಿಡಿಬಿಡಿಯಾಗಿ ಬರೆದ ಎತ್ತರದ ಅಂಕಿಗಳನ್ನು ನೋಡಿಕೊಂಡು ಇಳಿಜಾರನ್ನು ನಾವೇ ಊಹಿಸಿಕೊಳ್ಳಬೇಕು.

ಒಂದಿಂಚಿನ ಹಳೆಯ ನಕ್ಷೆಯ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ಅದರ ಮೊದಲ ಆವೃತ್ತಿಯಲ್ಲಿ ಗುಡ್ಡಗಳನ್ನು ಇಳಿಜಾರಿನ ಗುಂಟ ಎಳೆದ ಒತ್ತೊತ್ತಾದ ಗೀರುಗಳಿಂದ ತೋರಿಸಲಾಗಿದ್ದು, ಕಡಿದಾದ ಕಡೆಗಳಲ್ಲಿ ಆ ಕಪ್ಪಿನೊಳಗೆ ದಾರಿಯೂ ಊರ ಹೆಸರೂ ಮುಳುಗಿಹೋಗುತ್ತವೆ. ಪ್ರೆಸ್ಟನ್ ಮತ್ತು ಹಲ್ ಪಟ್ಟಣಗಳನ್ನು ಸೇರಿಸುವ ಗೆರೆಯ ಉತ್ತರಕ್ಕಿರುವ, ಈ ಕಣಿವೆಯೂ ಸೇರಿದ ಪ್ರದೇಶದ ಒಂದಿಂಚಿನ ಹಾಳೆಗಳು ಆರಿಂಚಿನ ಸರ್ವೆಯನ್ನೇ ಕುಗ್ಗಿಸಿ ಸಿದ್ಧಪಡಿಸಿದವಾದ್ದರಿಂದ, ಮೂಲವೇ ಸಿಗುತ್ತಿರುವಾಗ ಅದರ ಸಂಕ್ಷೇಪವನ್ನು ಓದುವ ಅಗತ್ಯ ನನಗೆ ಕಾಣಲಿಲ್ಲ. ಆದರೂ ಒಂದು ಮಾತು ಒಪ್ಪಿಕೊಳ್ಳಲೇಬೇಕು. ಮೊದಲ ಮಹಾಯುದ್ಧದ ನಂತರ ಬಂದ ಒಂದಿಂಚಿನ ‘ಪಾಪ್ಯುಲರ್’ ಆವೃತ್ತಿಯಲ್ಲಿ ಪ್ರತಿ 50 ಅಡಿಗೊಂದು ಸಮೋನ್ನತಿ ರೇಖೆಯಿದ್ದು, ದಾರಿ ಯಾವ ಏರನ್ನು ತಪ್ಪಿಸಲು ಅಷ್ಟು ದೂರ ಸುತ್ತಿಕೊಂಡು ಹೋಗಿತ್ತು ಎಂಬುದು ನನಗೆ ಹೊಳೆದದ್ದು ಆ ಚಿಕ್ಕ ನಕ್ಷೆಯಲ್ಲಿ ರೇಖೆಗಳನ್ನು ಎಣಿಸಿದಾಗಲೇ.

ಉಳಿದದ್ದು ಆರಿಂಚಿನದು, ಮತ್ತು ನನ್ನ ಮಟ್ಟಿಗೆ ಗೆದ್ದದ್ದೂ ಅದೇ. ಇದರ ಒಂದು ಪೂರ್ಣ ಹಾಳೆ ಆರು ಮೈಲಿ ಉದ್ದ, ನಾಲ್ಕು ಮೈಲಿ ಅಗಲದ ನೆಲವನ್ನು ಹಿಡಿಯುತ್ತದೆ. ಇಪ್ಪತ್ತೈದಿಂಚಿನವು ಅಷ್ಟಕ್ಕೇ ಹದಿನಾರು ಹಾಳೆ ಬೇಡುತ್ತವೆ. ಕಣಿವೆಯ ತಳದಿಂದ ಗುಡ್ಡದ ನೆತ್ತಿಯವರೆಗೆ ದಾರಿ ಒಂದೇ ನೋಟಕ್ಕೆ ಸಿಗುತ್ತದೆ, ಆದರೂ ಕುರಿದೊಡ್ಡಿ, ಸುಣ್ಣದ ಗೂಡು, ಗಣಿಬಾವಿಗಳು ಬಿಟ್ಟುಹೋಗುವಷ್ಟು ಚಿಕ್ಕದೂ ಅಲ್ಲ. ಯಾರ್ಕ್‌ಷೈರ್‌ನಲ್ಲಿ ಇದಕ್ಕೆ ಮತ್ತೊಂದು ಅನುಕೂಲವೂ ಇದೆ. ಇಲ್ಲಿ ಮೊದಲ ಆರಿಂಚಿನ ಸರ್ವೆ ನಡೆದದ್ದು 1840 ಮತ್ತು 50ರ ದಶಕಗಳಲ್ಲಿ. ಇಪ್ಪತ್ತೈದಿಂಚಿನ ಸರ್ವೆ ಬಂದದ್ದು 1880ರ ದಶಕದ ಕೊನೆ ಮತ್ತು 1890ರ ದಶಕದ ಆರಂಭದಲ್ಲಿ. ಆ ಎರಡನೆಯ ಸರ್ವೆಯನ್ನು ಕುಗ್ಗಿಸಿ, ಬೋಳುಗುಡ್ಡಗಳ ಭಾಗವನ್ನು ಆರಿಂಚಿನ ಸ್ಕೇಲಿನಲ್ಲಿಯೇ ಅಳೆದು ಸೇರಿಸಿ, ಹೊಸ ಆರಿಂಚಿನ ಹಾಳೆಗಳನ್ನೂ ಪ್ರಕಟಿಸಿದರು. ಹೀಗಾಗಿ ಹೊಲಕ್ಕೂ ಗುಡ್ಡಕ್ಕೂ ಸುಮಾರು ನಲವತ್ತು ವರ್ಷಗಳ ಅಂತರದ ಎರಡು ಚಿತ್ರಗಳು ಒಂದೇ ಸ್ಕೇಲಿನಲ್ಲಿ ದೊರೆಯುತ್ತವೆ.

ದೋಷಗಳಿಲ್ಲವೆಂದಲ್ಲ. ಹಳೆಯ ಹಾಳೆಗಳನ್ನು ಕೌಂಟಿವಾರು (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥ ವಿಭಾಗ) ತಯಾರಿಸಿದ್ದರಿಂದ ಗಡಿಯಾಚೆಯ ನೆಲವನ್ನು ಹಲವು ಕಡೆ ಖಾಲಿ ಬಿಟ್ಟಿದ್ದಾರೆ. ನಕ್ಷೆಯ ಲೆಕ್ಕದ ಮೂಲಬಿಂದುಗಳು ಬೇರೆಬೇರೆಯಾದ ಕೌಂಟಿಗಳ ಹಾಳೆಗಳನ್ನು ಜೋಡಿಸಿದರೆ ಅಂಚುಗಳು ಸರಿಯಾಗಿ ಕೂಡುವುದಿಲ್ಲ. ಮತ್ತೊಂದು ತೊಂದರೆಗೆ ನಕ್ಷೆ ಹೊಣೆಯಲ್ಲ. ಗೋಡೆಗೆ ಹಾಕಲೆಂದು ಒಬ್ಬ ಮಾರಾಟಗಾರರಿಂದ ತರಿಸಿದ ಮುದ್ರಿತ ಪ್ರತಿಯಲ್ಲಿ ಅಂಚನ್ನು ಅಂದಕ್ಕಾಗಿ ಕತ್ತರಿಸಿಹಾಕಿದ್ದರು. ಸರ್ವೆಯಾದ ವರ್ಷ, ಪರಿಷ್ಕರಿಸಿದ ವರ್ಷ, ಪ್ರಕಟವಾದ ವರ್ಷ ಮೂರೂ ಇರುವುದು ಆ ಅಂಚಿನಲ್ಲಿಯೇ. ಅದಿಲ್ಲದ ನಕ್ಷೆಯಿಂದ ಕಾಲನಿರ್ಣಯ ಸಾಧ್ಯವಿಲ್ಲ. ಪ್ರಕಟಣೆಯ ವರ್ಷವನ್ನೇ ನೆಲದ ವರ್ಷವೆಂದು ಓದಿ ಎಡವುವವರು ಬಹಳ.

ಗ್ರಂಥಾಲಯದ ತಾಣದಲ್ಲಿ ಎರಡು ನಕ್ಷೆಗಳನ್ನು ಅಕ್ಕಪಕ್ಕ ತೆರೆದರೆ ಒಂದನ್ನು ಸರಿಸಿದಂತೆ ಮತ್ತೊಂದೂ ಸರಿಯುತ್ತದೆ. ಹಾಗೆ ಎರಡೂ ಆರಿಂಚಿನ ಹಾಳೆಗಳನ್ನು ಹಿಡಿದು ದಾರಿಯ ಗುಂಟ ಮೇಲೇರಿದೆ. ಮೊದಲನೆಯದರಲ್ಲಿ ಕೊನೆಯ ಗೋಡೆ ದಾಟಿದ ಮೇಲೆ, ಬೇಲಿಯಿಲ್ಲದ ದಾರಿಗೆ ಬಳಸುವ ತುಂಡುಗೆರೆಗಳ ಜೋಡಿಯಾಗಿ ಅದು ಗಣಿಯ ಬಾಯಿಯವರೆಗೂ ಸಾಗುತ್ತದೆ. ಎರಡನೆಯದರಲ್ಲಿ ಅದೇ ದಾರಿ ಅರ್ಧಕ್ಕೇ ಒಂಟಿಗೆರೆಯ ಕಾಲುದಾರಿಯಾಗಿದೆ, ಗಣಿಬಾವಿಯ ಹೆಸರಿನ ಮುಂದೆ ‘ಹಳೆಯ’ ಎಂಬ ವಿಶೇಷಣ ಸೇರಿಕೊಂಡಿದೆ. ಅಗ್ಗದ ವಿದೇಶಿ ಸೀಸದಿಂದಾಗಿ 19ನೆಯ ಶತಮಾನದ ಕೊನೆಗೆ ಈ ಕಣಿವೆಯ ಗಣಿಗಾರಿಕೆ ಕುಸಿದದ್ದಕ್ಕೆ ಇದು ಹೊಂದುತ್ತದೆ. ಆದರೆ ಆ ನಲವತ್ತು ವರ್ಷಗಳಲ್ಲಿ ಕೊನೆಯ ಗಾಡಿ ಇಳಿದುಬಂದದ್ದು ಯಾವ ವರ್ಷ ಎಂಬುದಕ್ಕೆ ಮೂರರಲ್ಲಿ ಯಾವ ನಕ್ಷೆಯೂ ಉತ್ತರ ಕೊಡಲಿಲ್ಲ. ಅದಕ್ಕೆ ಗಣಿಯ ಲೆಕ್ಕಪುಸ್ತಕಗಳನ್ನೇ ತೆರೆಯಬೇಕು.