ನಾಯಕತ್ವದ ಆತ್ಮಪರಿಶೀಲನೆ: ಪ್ರಶ್ನಾವಳಿ, ಸಹೋದ್ಯೋಗಿಗಳ ಚೀಟಿ, ನಿರ್ಧಾರದ ಪುಸ್ತಕ

ಸರ್ಕಾರಿ ಪ್ರೌಢಶಾಲೆಯೊಂದಕ್ಕೆ ಮುಖ್ಯಶಿಕ್ಷಕಿಯಾಗಿ ಬಡ್ತಿ ಪಡೆದ ಮೇಲೆ, ನನ್ನ ಆಡಳಿತದ ರೀತಿ ಎಂಥದ್ದು, ಯಾವ ಮೌಲ್ಯಗಳನ್ನು ನಾನು ನಿಜವಾಗಿ ಪಾಲಿಸುತ್ತೇನೆ, ನನ್ನ ಕೊರತೆ ಎಲ್ಲಿದೆ ಎಂಬುದನ್ನು ಅರಿಯಲು ಮೂರು ವಿಧಾನಗಳನ್ನು ಬೇರೆ ಬೇರೆ ಶೈಕ್ಷಣಿಕ ವರ್ಷಗಳಲ್ಲಿ ಪ್ರಯೋಗಿಸಿ ನೋಡಿದ್ದೇನೆ. ಈ ಮೂರರಲ್ಲಿ ಯಾವುದನ್ನು ಹಿಡಿದರೂ ಒಂದೇ ತೀರ್ಮಾನಕ್ಕೆ ಬರುತ್ತೇವೆಂದು ನಾನು ಮೊದಲು ಭಾವಿಸಿದ್ದೆ. ಅವು ತೋರಿಸುವುದು ಬೇರೆ ಬೇರೆ ಸಂಗತಿಗಳನ್ನು ಎಂಬುದು ಬಳಸಿದ ಮೇಲೆ ಸ್ಪಷ್ಟವಾಯಿತು.

ವ್ಯಕ್ತಿತ್ವದ ಪ್ರಶ್ನಾವಳಿಗಳಲ್ಲಿ ಹೆಚ್ಚು ಪ್ರಚಾರದಲ್ಲಿರುವುದು ಮೈಯರ್ಸ್–ಬ್ರಿಗ್ಸ್. ಸ್ವಿಸ್ ಮನೋವೈದ್ಯ ಕಾರ್ಲ್ ಯೂಂಗ್ 1921ರಲ್ಲಿ ಮಂಡಿಸಿದ ವಿಚಾರಗಳನ್ನು ಆಧರಿಸಿ ಅಮೆರಿಕದ ತಾಯಿ–ಮಗಳಿಬ್ಬರು ರೂಪಿಸಿದ ಈ ಪ್ರಶ್ನಾವಳಿ ನಾಲ್ಕು ಜೋಡಿ ಒಲವುಗಳ ಮೂಲಕ ಜನರನ್ನು 16 ಪ್ರಕಾರಗಳಾಗಿ ವಿಂಗಡಿಸುತ್ತದೆ. ಕೆಲವು ವಾರಗಳ ನಂತರ ಮತ್ತೆ ಉತ್ತರಿಸಿದಾಗ ಅನೇಕರಿಗೆ ಬೇರೆಯೇ ಪ್ರಕಾರ ಬರುತ್ತದೆ ಎಂಬುದು ಇದರ ಮೇಲಿರುವ ಹಳೆಯ ಆಕ್ಷೇಪ. ನನ್ನ ಆಕ್ಷೇಪ ಇನ್ನೂ ಸರಳವಾದದ್ದು: ಪ್ರಶ್ನೆಗಳಿಗೆ ಉತ್ತರಿಸುವವಳು ನಾನೇ ಆಗಿರುವುದರಿಂದ, ನಾನು ಹೇಗಿರಲು ಬಯಸುತ್ತೇನೋ ಅದೇ ಅಲ್ಲಿ ದಾಖಲಾಗುತ್ತದೆ. ಅರ್ಧ ಗಂಟೆಯಲ್ಲಿ ಮುಗಿಯುತ್ತದೆ, ಯಾರ ಮನಸ್ಸೂ ನೋಯುವುದಿಲ್ಲ, ನನ್ನ ಸ್ವಭಾವವನ್ನು ಕುರಿತು ಮಾತನಾಡಲು ಕೆಲವು ಪದಗಳೂ ದೊರಕುತ್ತವೆ. ಅದಕ್ಕಿಂತ ಹೆಚ್ಚಿನದೇನೂ ನನಗೆ ಅದರಿಂದ ಸಿಗಲಿಲ್ಲ.

ಜೊಹಾರಿ ಕಿಟಕಿ ಇದಕ್ಕಿಂತ ಬಹಳ ಗಟ್ಟಿಯಾದ ಸಾಧನ. ಜೋಸೆಫ್ ಲುಫ್ಟ್ ಮತ್ತು ಹ್ಯಾರಿಂಗ್ಟನ್ ಇಂಗಮ್ ಎಂಬ ಮನಶ್ಶಾಸ್ತ್ರಜ್ಞರು 1955ರಲ್ಲಿ ಇದನ್ನು ರೂಪಿಸಿದರು; ಇಬ್ಬರ ಹೆಸರಿನ ಮೊದಲ ಅಕ್ಷರಗಳು ಸೇರಿ ಈ ಹೆಸರಾಗಿದೆ. ಕೊಟ್ಟ ಪಟ್ಟಿಯಿಂದ ನನಗೆ ಒಪ್ಪುವ ಗುಣಗಳನ್ನು ನಾನೂ ಆರಿಸಬೇಕು, ನನ್ನನ್ನು ಬಲ್ಲವರೂ ಆರಿಸಿ ಚೀಟಿಯಲ್ಲಿ ಬರೆದುಕೊಡಬೇಕು. ಇಬ್ಬರಿಗೂ ಕಂಡದ್ದು, ನನಗಷ್ಟೇ ತಿಳಿದದ್ದು, ಇತರರಿಗಷ್ಟೇ ಕಂಡದ್ದು, ಯಾರಿಗೂ ತಿಳಿಯದ್ದು ಎಂದು ನಾಲ್ಕು ಮನೆಗಳು ಸಿದ್ಧವಾಗುತ್ತವೆ. ಇತರರಿಗಷ್ಟೇ ಕಂಡದ್ದರ ಮನೆಯಲ್ಲಿಯೇ ನಮ್ಮ ದೌರ್ಬಲ್ಯಗಳು ಕುಳಿತಿರುತ್ತವೆ.

ಆದರೆ ಶಾಲೆಯಲ್ಲಿ ಈ ವಿಧಾನಕ್ಕೊಂದು ದೊಡ್ಡ ತೊಡಕಿದೆ. ಸಹಶಿಕ್ಷಕರ ಪಾಠಯೋಜನೆಗೆ ಸಹಿ ಮಾಡುವವಳು ನಾನು; ಹಾಗಾಗಿ ಹೆಸರಿಲ್ಲದ ಚೀಟಿಯಲ್ಲಿಯೂ ಪ್ರತಿಯೊಬ್ಬರ ಅಕ್ಷರ ನನಗೆ ಗುರುತು ಸಿಗುತ್ತದೆ, ಸಿಗುತ್ತದೆಂಬುದು ಅವರಿಗೂ ಗೊತ್ತು. ಮೊದಲ ಸಲ ಬಂದ ಚೀಟಿಗಳಲ್ಲಿ ‘ಶಿಸ್ತು’, ‘ಶ್ರಮಜೀವಿ’, ‘ಸಮಯಪಾಲನೆ’ ಎಂಬ ಮಾತುಗಳಷ್ಟೇ ಇದ್ದವು; ಬೀಳ್ಕೊಡುಗೆ ಸಮಾರಂಭದ ಭಾಷಣಕ್ಕೆ ಹೊಂದುವಂತಿದ್ದವು. ಮುಂದಿನ ಸಲ ಪಕ್ಕದ ಶಾಲೆಯ ಹಿರಿಯ ಶಿಕ್ಷಕಿಯೊಬ್ಬರು ಎಲ್ಲರೊಂದಿಗೆ ಪ್ರತ್ಯೇಕವಾಗಿ ಮಾತನಾಡಿ, ಅಭಿಪ್ರಾಯಗಳನ್ನು ತಮ್ಮ ಕೈಯಲ್ಲೇ ಒಟ್ಟಾಗಿ ಬರೆದುಕೊಟ್ಟರು. ಆಗ ಬಂದ ವಾಕ್ಯ ಹೀಗಿತ್ತು: ‘ಮೇಡಂ ಸಿಬ್ಬಂದಿ ಸಭೆಯಲ್ಲಿ ಎಲ್ಲರನ್ನೂ ಕೇಳುತ್ತಾರೆ, ಆದರೆ ಉತ್ತರ ಮೊದಲೇ ನಿಶ್ಚಯವಾಗಿರುತ್ತದೆ.’ ಯಾವ ಪ್ರಶ್ನಾವಳಿಯೂ ಇದನ್ನು ನನಗೆ ಹೇಳುತ್ತಿರಲಿಲ್ಲ. ಹೊರಗಿನವರೊಬ್ಬರ ನೆರವಿಲ್ಲದೆ ಮೇಲಧಿಕಾರಿಯ ಸ್ಥಾನದಲ್ಲಿರುವವರು ಈ ವಿಧಾನವನ್ನು ಬಳಸಿದರೆ ಪ್ರಯೋಜನಕ್ಕಿಂತ ಮುಜುಗರವೇ ಹೆಚ್ಚು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮೂರನೆಯದು, ನಾನು ಇಂದಿಗೂ ಬಿಡದೆ ಪಾಲಿಸುತ್ತಿರುವುದು, ನಿರ್ಧಾರದ ಪುಸ್ತಕ. ಮಹತ್ವದ ನಿರ್ಧಾರ ಕೈಗೊಂಡಾಗ ಅದರಿಂದ ಏನಾಗಬಹುದೆಂದು ಬರೆದಿಟ್ಟು, 9 ಅಥವಾ 12 ತಿಂಗಳ ನಂತರ ನಿಜವಾದ ಫಲಿತಾಂಶದೊಂದಿಗೆ ತಾಳೆ ನೋಡಬೇಕೆಂದು ಆಡಳಿತ ಚಿಂತಕ ಪೀಟರ್ ಡ್ರಕರ್ ಸಲಹೆ ನೀಡಿದ್ದರು. ಅದಕ್ಕೆ ನಾನು ಎರಡು ಕಲಮುಗಳನ್ನು ಸೇರಿಸಿಕೊಂಡೆ: ‘ಯಾರನ್ನು ಕೇಳಿದೆ’ ಮತ್ತು ‘ನಾನಿಲ್ಲದ ದಿನ ಏನಾಯಿತು’.

ಎರಡನೆಯ ಕಲಮಿಗೆ ಪ್ರೇರಣೆ ಮನಶ್ಶಾಸ್ತ್ರಜ್ಞ ಕರ್ಟ್ ಲೆವಿನ್ ಮತ್ತು ಸಂಗಡಿಗರು 1939ರಲ್ಲಿ ಪ್ರಕಟಿಸಿದ ಪ್ರಯೋಗ. ಅಮೆರಿಕದ ಅಯೋವಾದಲ್ಲಿ ಹತ್ತು ವರ್ಷದ ಹುಡುಗರ ಗುಂಪುಗಳನ್ನು ನಿರಂಕುಶ, ಪ್ರಜಾಸತ್ತಾತ್ಮಕ ಮತ್ತು ಎಲ್ಲವನ್ನೂ ಗುಂಪಿಗೇ ಬಿಟ್ಟುಬಿಡುವ ರೀತಿಯ ನಾಯಕರ ಅಡಿಯಲ್ಲಿ ಇರಿಸಿ ಅವರು ಅಧ್ಯಯನ ಮಾಡಿದ್ದರು. ನಿರಂಕುಶ ನಾಯಕನ ಗುಂಪು ಅವನ ಎದುರಿನಲ್ಲಿ ಚೆನ್ನಾಗಿಯೇ ದುಡಿಯುತ್ತಿತ್ತು. ಅವನು ಕೋಣೆಯಿಂದ ಹೊರಹೋದೊಡನೆ ಕೆಲಸ ಕುಸಿಯುತ್ತಿತ್ತು. ಪ್ರಜಾಸತ್ತಾತ್ಮಕ ಗುಂಪಿನಲ್ಲಿ ನಾಯಕ ಹೊರಟರೂ ಕೆಲಸ ಹೆಚ್ಚುಕಡಿಮೆ ಹಾಗೆಯೇ ಸಾಗುತ್ತಿತ್ತು. ಮುಖ್ಯಶಿಕ್ಷಕರಾದವರಿಗೆ ಇಂಥ ಪರೀಕ್ಷೆ ತಾನಾಗಿಯೇ ಒದಗುತ್ತದೆ: ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯ ಸಭೆ, ತರಬೇತಿ, ಮೌಲ್ಯಮಾಪನ ಎಂದು ಓಒಡಿ (ಶಾಲೆಯ ಹೊರಗಿನ ಅನ್ಯ ಕರ್ತವ್ಯ) ಮೇಲೆ ಹೋಗುವ ದಿನಗಳು ಯಾರಿಗೂ ತಪ್ಪಿದ್ದಲ್ಲ.

ವರ್ಷದ ಕೊನೆಯಲ್ಲಿ ಪುಸ್ತಕವನ್ನು ಓದಿದಾಗ ಚಿತ್ರ ಸ್ಪಷ್ಟವಾಗಿತ್ತು. ಬಿಸಿಯೂಟ, ಪ್ರಾರ್ಥನೆ, ಹಾಜರಿ ಇವೆಲ್ಲ ನಾನಿಲ್ಲದ ದಿನವೂ ಎಂದಿನಂತೆ ನಡೆದಿದ್ದವು. ಎಸ್‌ಎಸ್‌ಎಲ್‌ಸಿ ಮಕ್ಕಳ ಸಂಜೆಯ ವಿಶೇಷ ತರಗತಿಗಳು ಮಾತ್ರ ಆ ದಿನಗಳಲ್ಲಿ ಬಹುಮಟ್ಟಿಗೆ ನಿಂತುಹೋಗಿದ್ದವು. ‘ಯಾರನ್ನು ಕೇಳಿದೆ’ ಎಂಬ ಕಲಮಿನಲ್ಲಿ ಪುಟದಿಂದ ಪುಟಕ್ಕೆ ಅದೇ ಇಬ್ಬರು ಹಿರಿಯ ಶಿಕ್ಷಕರ ಹೆಸರುಗಳಿದ್ದವು. ಎಲ್ಲರನ್ನೂ ಒಳಗೊಳ್ಳುವುದು ನನ್ನ ಮೌಲ್ಯವೆಂದು ಪ್ರಶ್ನಾವಳಿಯಲ್ಲಿ ನಾನು ಪ್ರಾಮಾಣಿಕವಾಗಿಯೇ ಗುರುತು ಹಾಕಿದ್ದೆ. ನನ್ನ ಕೈಬರಹವೇ ಅದಕ್ಕೆ ಮಿತಿಯನ್ನು ತೋರಿಸಿತು. ಚೀಟಿಯಲ್ಲಿ ಬಂದ ದೂರಿಗೆ ಕಾರಣವೂ ಅಲ್ಲಿಯೇ ಇತ್ತು.

ಈ ಪುಸ್ತಕ ನಿಧಾನ. ವರ್ಷ ತುಂಬುವವರೆಗೆ ಅದು ಹೆಚ್ಚೇನೂ ಹೇಳುವುದಿಲ್ಲ, ಮತ್ತು ದಾಖಲಾತಿ, ಸ್ಯಾಟ್ಸ್ (ವಿದ್ಯಾರ್ಥಿಗಳ ವಿವರ ದಾಖಲಿಸುವ ಸರ್ಕಾರಿ ಆನ್‌ಲೈನ್ ವ್ಯವಸ್ಥೆ) ನಮೂದುಗಳ ಒತ್ತಡವಿರುವ ಜೂನ್ ತಿಂಗಳಿನಲ್ಲಿ ಬರೆಯುವುದು ನಿಜಕ್ಕೂ ಕಷ್ಟ. ನನ್ನ ಮಾತಿನ ಧಾಟಿ ಎದುರಿನವರಿಗೆ ಹೇಗೆ ತಟ್ಟುತ್ತದೆ ಎಂಬುದನ್ನೂ ಅದು ತಿಳಿಸಲಾರದು. ಅದಕ್ಕೆ ಇತರರ ಕಣ್ಣೇ ಬೇಕು. ಹೀಗಿದ್ದರೂ, ಹೊಸದಾಗಿ ಹೊಣೆ ಹೊತ್ತವರು ಒಂದನ್ನೇ ಆರಿಸಿಕೊಳ್ಳಬೇಕಾದರೆ ನಾನು ಪುಸ್ತಕವನ್ನೇ ಸೂಚಿಸುತ್ತೇನೆ. ಒಂದೆರಡು ವರ್ಷ ಕಳೆದು ಸಿಬ್ಬಂದಿಯ ವಿಶ್ವಾಸ ಬೆಳೆದ ನಂತರ, ಮಧ್ಯಸ್ಥರೊಬ್ಬರ ಮೂಲಕ ಚೀಟಿಯ ವಿಧಾನವನ್ನು ಸೇರಿಸಿಕೊಳ್ಳಬಹುದು. ಪ್ರಶ್ನಾವಳಿಯನ್ನು ಬಿಟ್ಟರೂ ನಷ್ಟವಿಲ್ಲ.

ಈ ವರ್ಷ ವಿಶೇಷ ತರಗತಿಗಳ ವೇಳಾಪಟ್ಟಿಯನ್ನು ಪೂರ್ತಿಯಾಗಿ ಗಣಿತ ಮತ್ತು ವಿಜ್ಞಾನದ ಕಿರಿಯ ಶಿಕ್ಷಕರಿಗೆ ಒಪ್ಪಿಸಿದ್ದೇನೆ. ಪುಸ್ತಕದ ನಿರೀಕ್ಷೆಯ ಕಲಮಿನಲ್ಲಿ, ನಾನು ಓಒಡಿಯಲ್ಲಿರುವ ದಿನಗಳಲ್ಲಿಯೂ ತರಗತಿಗಳು ನಡೆಯುತ್ತವೆ ಎಂದು ಬರೆದಿದ್ದೇನೆ. ಪೂರ್ವಸಿದ್ಧತಾ ಪರೀಕ್ಷೆಗಳ ಹೊತ್ತಿಗೆ ಅದನ್ನು ಹಾಜರಿ ಪುಸ್ತಕದೊಂದಿಗೆ ತಾಳೆ ನೋಡಲಿದ್ದೇನೆ.