ಹಳೇ ಟ್ರ್ಯಾಕ್ಟರಿನ ಕೀ ಸ್ವಿಚ್ ನೀವೇ ಬದಲಿಸುವ ಮುನ್ನ ಇದನ್ನು ಓದಿ

ಹಳೇ ಟ್ರ್ಯಾಕ್ಟರ್ ಇಟ್ಟುಕೊಂಡವರು, ಅದರಲ್ಲೂ ಯಾರೋ ಒಮ್ಮೆ ವೈರಿಂಗ್ ಬದಲಿಸಿದ ಸೆಕೆಂಡ್ ಹ್ಯಾಂಡ್ ಗಾಡಿ ತಗೊಂಡವರು, ದಯವಿಟ್ಟು ಪೂರ್ತಿ ಓದಿ. ಕಳೆದ ತಿಂಗಳು ಬರೀ ಒಂದು ಕೀ ಸ್ವಿಚ್ ಹಾಕಲು ಹೋಗಿ ನಾನು ಹಿಂದಿನ ಗಾಲಿಯ ಅಡಿಗೆ ಹೋಗುವುದರಲ್ಲಿದ್ದೆ. ಎಡಗಾಲಿನ ಚಪ್ಪಲಿ ಹೋಯಿತು, ಕಾಲು ಉಳಿಯಿತು.

ನಮ್ಮನೆ ಶಿರಸಿ ಹತ್ತಿರ. ಟ್ರ್ಯಾಕ್ಟರ್ 1970ರ ದಶಕದ್ದು, 35 ಎಚ್‌ಪಿ, ಹಾನಗಲ್ ಕಡೆಯಿಂದ ತಂದದ್ದು. ಬೆಟ್ಟದಿಂದ ಸೊಪ್ಪು, ದರಕು (ಒಣಗಿದ ಎಲೆ) ತರಲು, ತೋಟಕ್ಕೆ ಗೊಬ್ಬರ ಹಾಕಲು ನಮಗೆ ಅದೇ ಆಧಾರ. ಎಂಜಿನ್ ಈಗಲೂ ಗಟ್ಟಿ. ಆದರೆ ನಮಗೆ ಬರುವ ಮೊದಲೇ ಯಾರೋ ಬ್ಯಾಟರಿ ಚಾರ್ಜ್ ಮಾಡುವ ಹಳೇ ಡೈನಮೋ ತೆಗೆದು, ಅದೇ ಕೆಲಸಕ್ಕೆ ಈಗಿನ ಕಾಲದ ಆಲ್ಟರ್ನೇಟರ್ ಕೂರಿಸಿದ್ದರು. ಇಂಗ್ಲೆಂಡಿನ ವಿನ್ಯಾಸದ ಹಳೇ ಟ್ರ್ಯಾಕ್ಟರುಗಳಲ್ಲಿ ಬ್ಯಾಟರಿಯ ಪ್ಲಸ್ ಕಡೆಯನ್ನೇ ಗಾಡಿಯ ಲೋಹದ ಬಾಡಿಗೆ ಜೋಡಿಸಿ ಅರ್ಥ್ ಮಾಡುತ್ತಿದ್ದರು, ಈಗಿನ ಆಲ್ಟರ್ನೇಟರಿಗೆ ಸಾಮಾನ್ಯವಾಗಿ ಮೈನಸ್ ಅರ್ಥ್ ಬೇಕು. ಹಾಗಾಗಿ ಬ್ಯಾಟರಿಯನ್ನೂ ತಿರುಗಿಸಿ ಕಟ್ಟಿದ್ದರು. ಇದು ತಪ್ಪಲ್ಲ, ಬಹಳ ಜನ ಮಾಡಿಸುತ್ತಾರೆ. ತಪ್ಪಿದ್ದದ್ದು ಬೇರೆ ಕಡೆ.

ಮಳೆಗಾಲ ಮುಗಿಯುವಷ್ಟರಲ್ಲಿ ಕೀ ಸ್ವಿಚ್ಚಿನ ಒಳಗೆಲ್ಲ ಹಸಿರು ಕಿಲುಬು. ನಾಲ್ಕು ಸಲ ತಿರುಗಿಸಿದರೆ ಒಂದು ಸಲ ಸೆಲ್ಫ್, ಅಂದರೆ ಎಂಜಿನ್ ಚಾಲೂ ಮಾಡುವ ಮೋಟರ್, ಹೊಡೆಯುತ್ತಿತ್ತು. ಪೇಟೆಗೆ ಹೋಗಿ ಹೊಸದು ತಂದೆ. ನೋಡಲು ಹಳೆಯದರ ಹಾಗೇ ಇತ್ತು. ಭಾವ ಬಂದಿದ್ದ, ಇಬ್ಬರೂ ಸೇರಿ ಕೂತೆವು. ಹಳೆಯ ಸ್ವಿಚ್ಚಿನ ವೈರುಗಳನ್ನೆಲ್ಲ ಒಟ್ಟಿಗೇ ಬಿಚ್ಚಿಬಿಟ್ಟೆ. ಗುರುತು ಮಾಡಲಿಲ್ಲ, ಮೊಬೈಲಿನಲ್ಲಿ ಒಂದು ಫೋಟೋನೂ ಹೊಡೆಯಲಿಲ್ಲ.

ಬಿಚ್ಚಿದ ಮೇಲೆ ನೋಡಿದರೆ ಎಲ್ಲ ವೈರೂ ಕೆಂಪು! ಹಳೇ ಲ್ಯೂಕಸ್ ಕಂಪನಿಯ ವೈರಿಂಗಿನಲ್ಲಿ ಬಣ್ಣಕ್ಕೆ ಅರ್ಥ ಇರುತ್ತದೆ. ಕಂದು ಅಂದರೆ ಬ್ಯಾಟರಿ ಲೈನ್, ಬಿಳಿ ಅಂದರೆ ಕೀ ಆನ್ ಆದಾಗ ಬರುವ ಲೈನ್, ಬಿಳಿಯ ಮೇಲೆ ಕೆಂಪು ಗೆರೆ ಅಂದರೆ ಸೆಲ್ಫಿಗೆ ಹೋಗುವುದು. ನಮ್ಮ ಗಾಡಿಯಲ್ಲಿ ಯಾರೋ ಒಂದೇ ಕೆಂಪು ಸುರುಳಿಯಿಂದ ಎಲ್ಲವನ್ನೂ ಎಳೆದಿದ್ದರು. ಸರಿ, ಹಳೆಯದರಲ್ಲಿ ಯಾವ ಮೂಲೆಯಲ್ಲಿತ್ತೋ ಹೊಸದರಲ್ಲೂ ಅದೇ ಮೂಲೆಗೆ ಹಾಕಿದರಾಯಿತು ಅಂದುಕೊಂಡು ನೆನಪಿನ ಮೇಲೆ ಸಿಕ್ಕಿಸಿದೆ. ಅಲ್ಲೇ ಕೆಟ್ಟದ್ದು. ಹೊಸ ಸ್ವಿಚ್ಚಿನ ಹಿಂದೆ ಸಣ್ಣ ನಂಬರುಗಳಿದ್ದವು. 30 ಬ್ಯಾಟರಿ, 15/54 ಕೀ ಆನ್, 19 ಮತ್ತು 17 ಎಂಜಿನ್ ಚಾಲೂ ಮಾಡುವಾಗ ಬಿಸಿ ಮಾಡುವ ಹೀಟರ್, 50ಎ ಸೆಲ್ಫ್. ಹಳೆಯದರಲ್ಲಿ ಅವು ಇದ್ದ ಜಾಗವೇ ಬೇರೆ. ಸೆಲ್ಫಿನ ವೈರು ಹೋಗಿ 15/54ಕ್ಕೆ ಕೂತಿತ್ತು.

ಟ್ರ್ಯಾಕ್ಟರ್ ಅಂಗಳದ ಇಳಿಜಾರಿನಲ್ಲಿತ್ತು. ಜಾರಬಾರದು ಅಂತ ಫಸ್ಟ್ ಗೇರಿನಲ್ಲಿ ಬಿಟ್ಟಿದ್ದೆ. ನಾನು ಕೆಳಗೆ, ಹಿಂದಿನ ಗಾಲಿಯ ಮುಂದೆ ನಿಂತಿದ್ದೆ. ಬ್ಯಾಟರಿ ಚಾರ್ಜ್ ತೋರಿಸುವ ಚಾರ್ಜ್ ಲ್ಯಾಂಪ್ ಬರುತ್ತದಾ ನೋಡೋಣ ಅಂತ ಕೀಯನ್ನು ಒಂದೇ ಒಂದು ಹಂತ ತಿರುಗಿಸಿದೆ ಅಷ್ಟೇ, ಸೆಲ್ಫ್ ಹೊಡೆದು ಗಾಡಿ ಜಿಗಿಯಿತು, ಎರಡನೇ ಜಿಗಿತಕ್ಕೆ ಎಂಜಿನ್ನೂ ಚಾಲೂ ಆಯಿತು. ನಾನು ಹಿಂದಕ್ಕೆ ಬಿದ್ದೆ. ಗಾಲಿ ಮೀನಖಂಡ ಸವರಿಕೊಂಡು ಹೋಯಿತು. ಗಾಡಿ ನೇರ ಹೋಗಿ ಚಿರೇಕಲ್ಲಿನ ಪಾಗಾರಕ್ಕೆ ಗುದ್ದಿತು, ಅಲ್ಲೂ ನಿಲ್ಲದೆ ಗೋಡೆಯನ್ನು ತಳ್ಳುತ್ತಲೇ ಇತ್ತು. ಐದು ನಿಮಿಷದ ಮೊದಲು ಅಣ್ಣನ ಮಗಳು ಅದೇ ಜಾಗದಲ್ಲಿ ಆಡುತ್ತಿದ್ದಳು. ಇದನ್ನು ಬರೆಯುವಾಗಲೂ ಕೈ ತಣ್ಣಗಾಗುತ್ತದೆ.

ಭಾವ ಬ್ಯಾಟರಿ ಕೀಳಲು ಓಡಿದ. ಆದರೆ ಡೀಸೆಲ್ ಎಂಜಿನ್ ಚಾಲೂ ಆದ ಮೇಲೆ ಬ್ಯಾಟರಿ ಕಿತ್ತರೂ ಇಂಥ ಹಳೇ ಗಾಡಿ ನಿಲ್ಲುವುದಿಲ್ಲ. ಡೀಸೆಲ್ ನಿಲ್ಲಿಸಲು ಪಂಪಿಗೆ ಹೋಗುವ ಸ್ಟಾಪ್ ಕೇಬಲ್ಲನ್ನೇ ಎಳೆಯಬೇಕು. ನಾನು ಹತ್ತಿ ಎಳೆದೆ. ಎಂಜಿನ್ ನಿಂತಿತು, ಆದರೆ ಕೀ ಇನ್ನೂ ಆನ್ ಇತ್ತಲ್ಲ, ಸೆಲ್ಫ್ ಮಾತ್ರ ಗಾಡಿಯನ್ನು ಗೋಡೆಗೆ ನೂಕುತ್ತಲೇ ಇತ್ತು. ಕೀ ತಿರುಗಿಸುವಷ್ಟರಲ್ಲಿ ಸೆಲ್ಫಿನಿಂದ ಹೊಗೆ, ಸುಟ್ಟ ವಾಸನೆ.

ಮಾರನೇ ದಿನ ಬಂದ ವೈರಿಂಗ್ ಮಿಸ್ತ್ರಿ ಮೊದಲು ನೋಡಿದ್ದು ಗೇರ್ ಬಾಕ್ಸಿನ ಹತ್ತಿರ. ನಮ್ಮ ಗಾಡಿಯಲ್ಲಿ ನ್ಯೂಟ್ರಲ್ಲಿನಲ್ಲಿ ಇದ್ದರೆ ಮಾತ್ರ ಸೆಲ್ಫಿಗೆ ಕರೆಂಟ್ ಬಿಡುವ ಒಂದು ಸೇಫ್ಟಿ ಸ್ವಿಚ್ ಇರಬೇಕಿತ್ತು. ಅದರ ಎರಡು ವೈರು ತಿರುಚಿ ಟೇಪ್ ಸುತ್ತಿದ್ದರು. ನನ್ನ ತಪ್ಪಿನಿಂದ ಸೆಲ್ಫ್ ಹೊಡೆದದ್ದು ನಿಜ, ಆದರೆ ಆ ಸ್ವಿಚ್ ಇದ್ದಿದ್ದರೆ ಗೇರಿನಲ್ಲಿದ್ದ ಗಾಡಿ ಕದಲುತ್ತಲೇ ಇರಲಿಲ್ಲ. ಇನ್ನೊಂದು, ಡೈನಮೋದ ಚಾರ್ಜ್ ಹತೋಟಿ ಮಾಡುತ್ತಿದ್ದ ಹಳೇ ಕಟೌಟ್ ಡಬ್ಬಿಯನ್ನು ಬರೀ ವೈರು ಜೋಡಿಸುವ ಪೆಟ್ಟಿಗೆ ಮಾಡಿ ಬಿಟ್ಟಿದ್ದರು, ಇಡೀ ಗಾಡಿಗೆ ಒಂದು ಫ್ಯೂಸ್ ಇಲ್ಲ. ಇದನ್ನು ಮಾಡಿದವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ನೀವು ಮಾಡುವುದಾದರೆ ಹೀಗೆ ಮಾಡಿ. ಗಾಡಿ ಸಮತಟ್ಟು ಜಾಗದಲ್ಲಿರಲಿ, ನ್ಯೂಟ್ರಲ್, ಗಾಲಿಗೆ ಕಲ್ಲು, ಸ್ಟಾಪ್ ಎಳೆದೇ ಇಡಿ. ಬ್ಯಾಟರಿಯ ಅರ್ಥ್ ಕಡೆಯ ಟರ್ಮಿನಲ್ ಮೊದಲು ಬಿಚ್ಚಿ, ಕೊನೆಗೆ ಹಾಕಿ. ಹಾಗೆ ಮಾಡಿದರೆ ಪಾನಾ ಬಾಡಿಗೆ ತಾಗಿದರೂ ಕಿಡಿ ಹಾರುವುದಿಲ್ಲ. ಒಂದೊಂದೇ ವೈರು ಬಿಚ್ಚಿ, ಟೇಪಿನ ಮೇಲೆ ಬರೆದು ಅಂಟಿಸಿ. ಬಣ್ಣ ನಂಬಬೇಡಿ. ಆ ವೈರು ಇನ್ನೊಂದು ತುದಿಯಲ್ಲಿ ಎಲ್ಲಿಗೆ ಹೋಗುತ್ತದೆ ಅಂತ ಮೀಟರ್ ಹಿಡಿದು ನೋಡಿ, ಆಮೇಲೆ ನಂಬರಿಗೆ ಹಾಕಿ. ಸೆಲ್ಫಿಗೆ ಹೋಗುವ ಸಣ್ಣ ವೈರನ್ನು ಸೊಲೆನಾಯ್ಡ್ (ಸೆಲ್ಫಿಗೆ ದೊಡ್ಡ ಕರೆಂಟ್ ಬಿಡುವ ಸ್ವಿಚ್) ಕಡೆ ಬಿಚ್ಚಿಟ್ಟು, ಆ ತುದಿಗೆ ಟೆಸ್ಟ್ ಲ್ಯಾಂಪ್ ಕಟ್ಟಿ ಕೀ ತಿರುಗಿಸಿ. ಸ್ಟಾರ್ಟ್ ಹಂತದಲ್ಲಿ ಮಾತ್ರ ಉರಿದರೆ ಸರಿ. ಚಾರ್ಜ್ ಲ್ಯಾಂಪಿನ ವೈರನ್ನೂ ಬಿಡಬೇಡಿ, ಎಷ್ಟೋ ಆಲ್ಟರ್ನೇಟರ್ ಆ ಬಲ್ಬಿನ ಮೂಲಕ ಬರುವ ಕರೆಂಟಿನಿಂದಲೇ ಚಾರ್ಜ್ ಶುರು ಮಾಡುತ್ತವೆ.

ಸೇಫ್ಟಿ ಸ್ವಿಚ್ ಇದೆಯಾ ಅಂತ ಬಯಲಲ್ಲಿ, ಮುಂದೆ ಹಿಂದೆ ಯಾರೂ ಇಲ್ಲದಾಗ ನೋಡಿ. ಸೀಟಿನಲ್ಲಿ ಕೂತು, ಬ್ರೇಕ್ ಒತ್ತಿ, ಕ್ಲಚ್ ಪೂರ್ತಿ ಒತ್ತಿ, ಸ್ಟಾಪ್ ಎಳೆದು, ಗೇರ್ ಹಾಕಿ ಕೀ ತಿರುಗಿಸಿ. ನಮ್ಮದರ ಹಾಗೆ ಗೇರಿನ ಕಡೆ ಸ್ವಿಚ್ ಇರುವ ಗಾಡಿಯಲ್ಲಿ ಸೆಲ್ಫ್ ಹೊಡೆಯಬಾರದು. ಕೆಲವು ಗಾಡಿಗಳಲ್ಲಿ ಅದು ಕ್ಲಚ್ ಪೆಡಲಿನ ಹತ್ತಿರ ಇರುತ್ತದೆ, ಅಲ್ಲಿ ವೈರು ತಿರುಚಿದ್ದಾರಾ ಬಗ್ಗಿ ನೋಡಿ.

ನಮಗೆ ಸೆಲ್ಫ್ ರಿಪೇರಿ, ಪಾಗಾರ, ಪೂರ್ತಿ ಹೊಸ ವೈರಿಂಗ್ ಎಲ್ಲ ಸೇರಿ ಹದಿನಾಲ್ಕು ಸಾವಿರ ಮೇಲೆ ಹೋಯಿತು. ಈಗ ವೈರಿಂಗಿನ ಚಿತ್ರ ಬರೆದು, ಪ್ಲಾಸ್ಟಿಕ್ ಹಾಕಿಸಿ ಟೂಲ್ ಬಾಕ್ಸಿನಲ್ಲಿ ಇಟ್ಟಿದ್ದೇನೆ. ಯಾರಿಗಾದರೂ ಬೇಕಿದ್ದರೆ ಕೇಳಿ, ಫೋಟೋ ಕಳಿಸುತ್ತೇನೆ.