ಕಿತ್ತೂರು, ಅಂಕೋಲಾ, ಈಸೂರು: ಪ್ರಾಜೆಕ್ಟ್‌ಗೆ ಯಾವುದು?

ಇತಿಹಾಸದ ಪ್ರಾಜೆಕ್ಟ್‌ಗೆ ಈ ಮೂರು ಊರುಗಳ ಹೋರಾಟಗಳಲ್ಲಿ ಯಾವುದನ್ನು ಆರಿಸಲಿ ಅಂತ ಕೇಳಿದ್ದೀರಿ. ಮೂರೂ ಬ್ರಿಟಿಷರ ವಿರುದ್ಧದ ಹೋರಾಟಗಳೇ. ಆದರೆ ತಿರುಳು ಬೇರೆ ಬೇರೆ.

ಕಿತ್ತೂರಿನದು ಸಂಸ್ಥಾನ ಉಳಿಸಿಕೊಳ್ಳುವ ಜಗಳ. ದತ್ತುಮಗನನ್ನು ವಾರಸುದಾರ ಅಂತ ಈಸ್ಟ್ ಇಂಡಿಯಾ ಕಂಪನಿ ಒಪ್ಪಲಿಲ್ಲ, ರಾಣಿ ಚೆನ್ನಮ್ಮ ಮಣಿಯಲಿಲ್ಲ. 1824ರ ಅಕ್ಟೋಬರಿನಲ್ಲಿ ನಡೆದ ಕಾಳಗದಲ್ಲಿ ಬ್ರಿಟಿಷ್ ಕಲೆಕ್ಟರ್ ಥ್ಯಾಕರೆ ಅಲ್ಲೇ ಸತ್ತ. ಇಡೀ ಭಾರತದ ಸ್ವಾತಂತ್ರ್ಯ ಅನ್ನೋ ಮಾತು ಆಗ ಇರಲಿಲ್ಲ. ಅಂಕೋಲಾದ್ದು 1930ರ ಉಪ್ಪಿನ ಸತ್ಯಾಗ್ರಹ, ಗಾಂಧೀಜಿಯ ಕರೆಗೆ ಓಗೊಟ್ಟದ್ದು. ರಾಷ್ಟ್ರೀಯತೆ ಹಳ್ಳಿಗೆ ಮುಟ್ಟಿದ ಬಗೆ ತೋರಿಸೋಕೆ ಇದು ಸಲೀಸು.

ಈಸೂರಿನ ಕಥೆ ನನ್ನನ್ನು ಜಾಸ್ತಿ ಕಾಡುತ್ತದೆ. 1942ರ ಕ್ವಿಟ್ ಇಂಡಿಯಾ ಚಳವಳಿಯ ಹೊತ್ತಿಗೆ ಶಿವಮೊಗ್ಗ ಜಿಲ್ಲೆಯ ಈ ಹಳ್ಳಿಯವರು ತಮ್ಮದೇ ಸರ್ಕಾರ ಸಾರಿದರು. ಒಬ್ಬ ಹುಡುಗನನ್ನೇ ಅಮಲ್ದಾರ (ತಾಲ್ಲೂಕಿನ ಕಂದಾಯ ಅಧಿಕಾರಿ) ಮಾಡಿದರು! ಬಂದ ಅಧಿಕಾರಿಗಳಿಗೆ ಗಾಂಧಿ ಟೋಪಿ ಹಾಕಿಕೊಳ್ಳಿ ಅಂದರು. ಗಲಾಟೆಯಲ್ಲಿ ನಿಜವಾದ ಅಮಲ್ದಾರರೂ ಸಬ್‌ಇನ್‌ಸ್ಪೆಕ್ಟರೂ ಸತ್ತರು. 1943ರಲ್ಲಿ ಐವರಿಗೆ ಗಲ್ಲಾಯಿತು. ಅಹಿಂಸೆಯ ಚಳವಳಿಯೊಳಗೆ ಇಂಥದ್ದು ಹೇಗಾಯ್ತು ಅನ್ನೋ ಪ್ರಶ್ನೆ ಕಷ್ಟದ್ದು, ಅಲ್ವಾ?

ಸಾಮಗ್ರಿ ಕಿತ್ತೂರಿಗೇ ಹೆಚ್ಚು. ನೋಡೋಕೆ ಹಾಳುಬಿದ್ದ ಕೋಟೆಯೂ ಇದೆ. ಆದರೆ ಲಾವಣಿ ಯಾವುದು, ದಾಖಲೆ ಯಾವುದು ಅಂತ ಬೇರ್ಪಡಿಸಬೇಕು, ಅದಕ್ಕೆ ಸಮಯ ಹಿಡಿಯುತ್ತದೆ.

ವಾರದೊಳಗೆ ಮುಗಿಸಬೇಕಾ? ಅಂಕೋಲಾ. ಕೋಟೆಗೆ ಹೋಗಿ ಫೋಟೋ, ನಕ್ಷೆ ಸೇರಿಸೋದಾದರೆ ಕಿತ್ತೂರು. ಹಳ್ಳಿಯ ಹಿರಿಯರ ಹತ್ತಿರ ಕೂತು ಮಾತು ಬರೆದುಕೊಳ್ಳುವ ತಾಳ್ಮೆ ಇದ್ದರೆ ಈಸೂರು.